ಆ 60 ದಿನ ನಾವೆಲ್ಲಿದ್ದೆವು?

ಇವತ್ತು ನಾನು ಯಾವ ಪಕ್ಷದ ಬಗ್ಗೆಯೂ ಮಾತಾಡಲ್ಲ. ಯಾರ ಕುರ್ಚಿ ಅಲ್ಲಾಡ್ತಿದೆ ಅಂತಾನೂ ಹೇಳಲ್ಲ. ಇವತ್ತು ನಾನು ಮಾತಾಡೋಕೆ ಹೊರಟಿರೋದು ಒಂದು ಗೋಡೆಯ ಬಗ್ಗೆ. ನಮ್ಮಪ್ಪನ ಅಂಗಡಿಯ ಗೋಡೆ.

ನಮ್ಮೂರು ಒಂದು ತಾಲ್ಲೂಕು ಕೇಂದ್ರ. ಹೆಸರು ಬೇಡ. ಯಾಕಂದ್ರೆ ಆ ಜಾಗದಲ್ಲಿ ನೀವು ನಿಮ್ಮೂರಿನ ಹೆಸರು ಹಾಕಿಕೊಂಡರೂ ಕಥೆ ಬದಲಾಗಲ್ಲ. ಒಂದು ಬಸ್ ಸ್ಟ್ಯಾಂಡು, ಒಂದು ಸರ್ಕಲ್ಲು, ಊರಿನ ತುದಿಗೊಂದು ಕೆರೆ, ವಾರಕ್ಕೊಂದು ಸಂತೆ, ಒಂದು ಪುರಸಭೆ. ಮುಖ್ಯ ರಸ್ತೆಯಲ್ಲಿ ಅಪ್ಪನದೊಂದು ಪುಸ್ತಕ, ಪೆನ್ನು ಮಾರುವ ಅಂಗಡಿ. ನನ್ನ ಎಂಜಿನಿಯರಿಂಗ್ ಫೀಸು ಕಟ್ಟಿದ್ದು ಆ ಅಂಗಡಿಯೇ.

ಒಂದು ದಿನ ಬೆಳಿಗ್ಗೆ ಅಪ್ಪ ಶಟರ್ ಎತ್ತೋಕೆ ಹೋದಾಗ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ, ಒಂದು ಬಾಣದ ಗುರುತು, ಪಕ್ಕದಲ್ಲಿ ಒಂದು ಅಂಕಿ. 11 ಅಡಿ. ಅಂಗಡಿಯ ಉದ್ದವೇ 20 ಅಡಿ. ಯಾರು ಬರೆದರು, ಯಾವಾಗ ಬರೆದರು, ಯಾರಿಗೂ ಗೊತ್ತಿಲ್ಲ. ಪಕ್ಕದ ಬಟ್ಟೆ ಅಂಗಡಿಗೆ 9, ಅದರಾಚೆ ಹೋಟೆಲ್ಲಿಗೆ 13.

ಅಪ್ಪ ಫೋನ್ ಮಾಡಿದರು. ಬೈಯಲಿಲ್ಲ, ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಮಗಾ, ನೀನು ಎಂಜಿನಿಯರು. ಟಿವಿಯಲ್ಲಿ ಬೇರೆ ಇದ್ದೀಯ. ಇದು ನಿಂಗೆ ಮೊದಲೇ ಗೊತ್ತಿತ್ತಾ?"

ಗೊತ್ತಿರಲಿಲ್ಲ. ದಿನಾ ರಾತ್ರಿ ರಾಜ್ಯದ ಜನರಿಗೆ 'ನಿಮಗಿದು ಗೊತ್ತಿರಲಿ' ಅಂತ ಹೇಳೋ ನನಗೆ ನನ್ನ ಮನೆಯ ಅಂಗಡಿಯ ಗೋಡೆ ಹೋಗುತ್ತೆ ಅನ್ನೋದು ಗೊತ್ತಿರಲಿಲ್ಲ. ಆಮೇಲೆ ವಿಚಾರಿಸಿದೆ. ಊರಿನ ಮಹಾ ಯೋಜನೆ, ಅಂದ್ರೆ ನಾವೆಲ್ಲ ಮಾಸ್ಟರ್ ಪ್ಲಾನ್ ಅಂತೀವಲ್ಲ, ಅದರ ನಕ್ಷೆಯಲ್ಲಿ ಆ ರಸ್ತೆಯ ಅಗಲವನ್ನು ವರ್ಷಗಳ ಹಿಂದೆಯೇ ಬರೆದಿದ್ದರು. ಕರಡು ಪ್ರಕಟವಾಗಿತ್ತು. ಆಕ್ಷೇಪಣೆ ಇದ್ರೆ ಕೊಡಿ ಅಂತ 60 ದಿನ ಸಮಯವನ್ನೂ ಕೊಟ್ಟಿದ್ದರು. ಕಾನೂನಿನ ಪ್ರಕಾರ ಎಲ್ಲವೂ ಸರಿ. ನಮ್ಮಪ್ಪನನ್ನು ಕೇಳಿ ಆಗಿದೆ. ನಮ್ಮಪ್ಪನಿಗೆ ಮಾತ್ರ ಅದು ಗೊತ್ತಿಲ್ಲ!

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ದಯವಿಟ್ಟು ಚಾನೆಲ್ ಬದಲಾಯಿಸಬೇಡಿ. ಕಾಯ್ದೆ ಅಂದ ಕೂಡಲೇ ನಿದ್ದೆ ಬರುತ್ತೆ ಅಂತ ನನಗೂ ಗೊತ್ತು. ಆದರೆ ನಿಮ್ಮ ಸೈಟು, ನಿಮ್ಮ ಕೆರೆ, ನಿಮ್ಮ ಮಕ್ಕಳ ಆಟದ ಮೈದಾನ ಎಲ್ಲಾ ಇರೋದು ಈ ಕಾಯ್ದೆಯ ಒಳಗಡೆ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದ್ದು. ಅದರ ಪ್ರಕಾರ ಒಂದು ಊರಿಗೆ ಯೋಜನಾ ಪ್ರಾಧಿಕಾರ ಇರುತ್ತೆ. ಅದು ಊರಿನ ನಕ್ಷೆ ತಯಾರು ಮಾಡುತ್ತೆ. ಹಳದಿ ಬಳಿದರೆ ವಾಸಕ್ಕೆ, ನೀಲಿ ಬಳಿದರೆ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಹಸಿರು ಉದ್ಯಾನಕ್ಕೆ. ರಸ್ತೆ ಎಷ್ಟು ಅಗಲ, ಎಲ್ಲಿ ಹೊಸ ರಸ್ತೆ, ಎಲ್ಲವೂ ಅದರಲ್ಲಿ. ನಕ್ಷೆ ಸರ್ಕಾರಕ್ಕೆ ಹೋಗುತ್ತೆ. ಸರ್ಕಾರ ತನಗೆ ಬೇಕಾದ ತಿದ್ದುಪಡಿ ಮಾಡಿ ವಾಪಸ್ ಕಳಿಸುತ್ತೆ. ಆಮೇಲೆ, ಗಮನಿಸಿ, ಆಮೇಲೆ ಅದನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. 60 ದಿನದೊಳಗೆ ಬರವಣಿಗೆಯಲ್ಲಿ ಕೊಡಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಈ ಯೋಜನೆಯನ್ನು ಪರಿಷ್ಕರಿಸಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ.

ಅಂದ್ರೆ ಏನಾಯ್ತು? ಅಡುಗೆಯೆಲ್ಲಾ ಆಗಿ, ಎಲೆ ಹಾಕಿ, ಬಡಿಸೋಕೆ ನಿಂತ ಮೇಲೆ 'ಉಪ್ಪು ಸರಿಯಾಗಿದೆಯಾ ನೋಡಿ' ಅಂತ ಕೇಳಿದ ಹಾಗಾಯ್ತು. ಏನು ಅಡುಗೆ ಮಾಡಬೇಕು ಅಂತ ಮೊದಲು ಯಾರೂ ಕೇಳಲಿಲ್ಲ. ಆ ಉಪ್ಪಿನ ಪ್ರಶ್ನೆಯನ್ನೂ ಎಲ್ಲಿ ಕೇಳ್ತಾರೆ? ರಾಜಪತ್ರದಲ್ಲಿ, ಕಚೇರಿಯ ನೋಟಿಸ್ ಬೋರ್ಡಿನಲ್ಲಿ, ಪತ್ರಿಕೆಯ ಒಳಪುಟದ ಸಣ್ಣಕ್ಷರದ ಪ್ರಕಟಣೆಯಲ್ಲಿ. ಭಾಷೆ ಕನ್ನಡವೇ. ಆದ್ರೆ 'ಸದರಿ ಸ್ಥಳೀಯ ಯೋಜನಾ ಪ್ರದೇಶದ ಉದ್ದೇಶಿತ ಭೂ ಉಪಯೋಗ ನಕ್ಷೆಗೆ ಸಂಬಂಧಿಸಿದಂತೆ' ಅಂತ ಶುರುವಾದರೆ ಅಂಗಡಿ ಗಲ್ಲಾದಲ್ಲಿ ಕೂತ ಮನುಷ್ಯನಿಗೆ ಅದು ತನ್ನ ಗೋಡೆಯ ವಿಷಯ ಅಂತ ಹೇಗೆ ತಿಳೀಬೇಕು?

ಹಾಗಂತ ಆ 60 ದಿನ ಊರಲ್ಲಿ ಯಾರಿಗೂ ಗೊತ್ತಿರಲ್ಲ ಅಂದ್ಕೋಬೇಡಿ. ಗೊತ್ತಿರೋರಿಗೆ ಬಹಳ ಚೆನ್ನಾಗಿ ಗೊತ್ತಿರುತ್ತೆ. ಊರಾಚೆ ಹತ್ತು ಎಕರೆ ಹಿಡಿದು ಕೂತವರಿಗೆ ಗೊತ್ತಿರುತ್ತೆ. ತಮ್ಮ ಸರ್ವೆ ನಂಬರಿಗೆ ಹಸಿರು ಬಿದ್ದಿದೆಯೋ ಹಳದಿ ಬಿದ್ದಿದೆಯೋ ಅಂತ ಮೊದಲ ದಿನವೇ ಹೋಗಿ ನೋಡ್ತಾರೆ. ಅರ್ಜಿ ಹಾಕ್ತಾರೆ, ಬೆನ್ನು ಹತ್ತುತ್ತಾರೆ. ಅದು ಅವರ ಹಕ್ಕು, ತಪ್ಪಲ್ಲ. ಆದರೆ ಊರಿನ ಭವಿಷ್ಯದ ಬಗ್ಗೆ ಕಡತದಲ್ಲಿ ಉಳಿಯೋದು ಅವರ ಮಾತು ಮಾತ್ರ. ಕೆರೆಗೆ ನೀರು ತರುವ ಕಾಲುವೆ ಅರ್ಜಿ ಹಾಕಲ್ಲ. ಸಂತೆಯಲ್ಲಿ ಸೊಪ್ಪು ಮಾರೋ ಹೆಂಗಸು ಅರ್ಜಿ ಹಾಕಲ್ಲ. ನಮ್ಮಪ್ಪ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಈಗ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸ್ನೇಹಿತರು ಆರಿಸಿಕೊಂಡಿದ್ದು ನಮ್ಮೂರಿನ ಇದೇ ಸರ್ಕಲ್. ಸಂಚಾರ ದಟ್ಟಣೆ ಅಧ್ಯಯನ, ಪರಿಹಾರ ಸೂಚನೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕೈಯಲ್ಲಿ ಹಾಳೆ ಹಿಡಿದು ನಿಂತು ಗಾಡಿ ಎಣಿಸಿದೆವು. ಬಸ್ಸಿಗೊಂದು ಗೀಟು, ಲಾರಿಗೊಂದು ಗೀಟು, ಬೈಕಿಗೊಂದು ಗೀಟು. ಅಲ್ಲೇ ಮೂಲೆಯಲ್ಲಿ ಹೂ ಮಾರೋ ಅಜ್ಜಿ ಒಬ್ಬರು ಕೂರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ.

"ಏನ್ರಪ್ಪಾ ಅದು, ಬೆಳಗಿಂದ ಬರ್ಕೊಂತಾ ಇದ್ದೀರಿ?"

"ಗಾಡಿ ಎಣಿಸ್ತಾ ಇದ್ದೀವಿ ಅಜ್ಜಿ. ರಸ್ತೆ ಸರಿ ಮಾಡೋಕೆ."

"ಮಂಗಳವಾರ ಎಣಿಸಿದ್ರೆ ಏನ್ ಗೊತ್ತಾಗುತ್ತಪ್ಪಾ? ಗುರುವಾರ ಬನ್ನಿ. ಸಂತೆ ದಿವಸ ಇಲ್ಲಿ ಕಾಲಿಡಕ್ಕೆ ಜಾಗ ಇರಲ್ಲ."

ನಾವು ನಕ್ಕೆವು. ಗುರುವಾರ ನಮಗೆ ಇಂಟರ್ನಲ್ಸ್ ಇತ್ತು, ಹೋಗಲಿಲ್ಲ. ಮಂಗಳವಾರದ ಅಂಕಿ ಇಟ್ಟುಕೊಂಡೇ ವರದಿ ಬರೆದೆವು. ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ನಕ್ಷೆ ಮಾಡಿದೆವು. ರಸ್ತೆ ಅಗಲ ಮಾಡಿ, ಸಂತೆಯನ್ನು ಊರಾಚೆಗೆ ಸ್ಥಳಾಂತರಿಸಿ ಅಂತ ಶಿಫಾರಸು ಮಾಡಿದೆವು. ಸಂತೆಯನ್ನು ಒಂದು ದಿನವೂ ನೋಡದೇ, ಸಂತೆಯನ್ನು ಎತ್ತಿ ಅಂತ ಬರೆದೆವು! ಒಳ್ಳೆಯ ಅಂಕ ಬಂತು. ಪರೀಕ್ಷಕರು ಬೆನ್ನು ತಟ್ಟಿದರು.

ನಮ್ಮ ವರದಿ ಕಾಲೇಜಿನ ಬೀರುವಿನಲ್ಲಿ ಧೂಳು ತಿನ್ನುತ್ತಿದೆ, ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಅದೇ ರೀತಿ ತಯಾರಾದ ನಿಜವಾದ ವರದಿಗಳು ಎಷ್ಟಿರಬಹುದು ಅಂತ ಈಗ ಯೋಚನೆಯಾಗುತ್ತೆ. ಈಗಂತೂ ಡ್ರೋನ್ ಬಂದಿದೆ, ಉಪಗ್ರಹದ ಚಿತ್ರ ಬಂದಿದೆ. ಕೇಂದ್ರದ ಅಮೃತ್ 2.0 ಯೋಜನೆಯಲ್ಲಿ 50 ಸಾವಿರದಿಂದ ಒಂದು ಲಕ್ಷದೊಳಗಿನ ಜನಸಂಖ್ಯೆಯ ಪಟ್ಟಣಗಳಿಗೂ ಜಿಐಎಸ್ ಆಧಾರಿತ ಮಹಾ ಯೋಜನೆ ಮಾಡಿಸುತ್ತಿದ್ದಾರೆ. ಒಳ್ಳೆಯದೇ. ಎಂಜಿನಿಯರ್ ಆಗಿ ನಾನು ತಂತ್ರಜ್ಞಾನ ಬೇಡ ಅನ್ನಲ್ಲ. ಅಂಗುಲ ಅಂಗುಲ ಅಳೆಯಬಹುದು. ಆದರೆ ಡ್ರೋನಿಗೆ ಮನೆಯ ಸೂರು ಕಾಣುತ್ತೆ, ಆ ಸೂರಿನ ಕೆಳಗೆ ಎಷ್ಟು ಸಂಸಾರ ಇದೆ ಅಂತ ಕಾಣಲ್ಲ. ಖಾಲಿ ಮೈದಾನ ಕಾಣುತ್ತೆ, ಅಲ್ಲಿ ವರ್ಷಕ್ಕೊಮ್ಮೆ ತೇರು ತಿರುಗುತ್ತೆ ಅಂತ ಕಾಣಲ್ಲ. ಒಣಗಿದ ಹಳ್ಳ ಕಾಣುತ್ತೆ, ದೊಡ್ಡ ಮಳೆ ಬಂದಾಗ ಆ ನೀರು ಯಾರ ಮನೆಗೆ ನುಗ್ಗುತ್ತೆ ಅನ್ನೋದು ಆ ಬೀದಿಯ ಹೆಂಗಸರಿಗೆ ಮಾತ್ರ ಗೊತ್ತು. ಡ್ರೋನು ಮಂಗಳವಾರ ಹಾರಿದರೆ ಅದಕ್ಕೂ ಸಂತೆ ಕಾಣಲ್ಲ.

ಸರಿ, ಜನರನ್ನು ಕೇಳಬೇಕು ಅಂತೀರಿ, ಎಲ್ಲಿ ಕೇಳೋದು? ಇಲ್ಲೇ ಇರೋದು ನಿಜವಾದ ಸಮಸ್ಯೆ.

ಹಳ್ಳಿಯಲ್ಲಿ ಗ್ರಾಮಸಭೆ ಇದೆ. ನಮ್ಮ ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆ ಪಡೋ ಇತಿಹಾಸ ಇದೆ. 'ನೀರ್ ಸಾಬ್' ಅಂತಲೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ 1983ರ ಕಾಯ್ದೆ ಬಂತು, 1987ರಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರಲ್ಲಿ. ಅಂದ್ರೆ ದೇಶಕ್ಕಿಂತ ಎಷ್ಟೋ ವರ್ಷ ಮೊದಲೇ ನಾವು ಹಳ್ಳಿಯವರ ಕೈಗೆ ಅಧಿಕಾರ ಕೊಡೋ ಪ್ರಯತ್ನ ಮಾಡಿದ್ದೆವು.

ಅದೇ 1993ರಲ್ಲಿ 74ನೇ ತಿದ್ದುಪಡಿಯೂ ಬಂತು, ಪಟ್ಟಣಗಳಿಗೆ. ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ಮೊಟ್ಟಮೊದಲ ವಿಷಯ ಯಾವುದು ಗೊತ್ತಾ? ನಗರ ಯೋಜನೆ. ಊರಿನ ಯೋಜನೆ ಊರಿನ ಚುನಾಯಿತ ಸಂಸ್ಥೆಯ ಕೈಯಲ್ಲಿರಲಿ ಅನ್ನೋದು ಅದರ ಆಶಯ. ಆದರೆ ಜನ ನೇರವಾಗಿ ಸೇರೋ ವೇದಿಕೆ? ವಾರ್ಡ್ ಸಮಿತಿ ಕಡ್ಡಾಯ ಅಂತ ಸಂವಿಧಾನ ಹೇಳೋದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ.

ಈಗ ಲೆಕ್ಕ ಹಾಕಿ. ನಿಮ್ಮದು ಹಳ್ಳಿಯಾದರೆ ಗ್ರಾಮಸಭೆ ಇದೆ. ದೊಡ್ಡ ನಗರವಾದರೆ ವಾರ್ಡ್ ಸಮಿತಿ ಇರಲೇಬೇಕು. 30 ಸಾವಿರ ಜನರ ಊರಾದರೆ? ನಿನ್ನೆಯವರೆಗೆ ಗ್ರಾಮ ಪಂಚಾಯಿತಿ ಆಗಿದ್ದ ಊರನ್ನು ಪಟ್ಟಣ ಪಂಚಾಯಿತಿ ಅಂತ ಮೇಲ್ದರ್ಜೆಗೆ ಏರಿಸಿದಾಗ ಪಟಾಕಿ ಹೊಡೀತೀವಿ, ಸಿಹಿ ಹಂಚುತೀವಿ. ಆ ದಿನವೇ ಗ್ರಾಮಸಭೆಯಲ್ಲಿ ಎದ್ದು ನಿಂತು 'ಇದ್ಯಾಕೆ ಹೀಗೆ' ಅಂತ ಕೇಳೋ ಹಕ್ಕು ಕಳ್ಕೊಂಡ್ವಿ ಅಂತ ಯಾರೂ ನಮಗೆ ಹೇಳಲ್ಲ. ಊರು ದೊಡ್ಡದಾಯ್ತು, ಊರಿನವನ ದನಿ ಚಿಕ್ಕದಾಯ್ತು.

ಪಕ್ಕದ ಕೇರಳ ನೋಡಿ. 1996ರಲ್ಲಿ ಅಲ್ಲಿ ಜನಕೀಯ ಯೋಜನೆ ಅಂತ ಶುರು ಮಾಡಿದರು. ರಾಜ್ಯದ ಯೋಜನಾ ಹಣದಲ್ಲಿ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ದುಡ್ಡು ನಿಮ್ಮದು, ಏನು ಬೇಕು ಅಂತ ನೀವೇ ಕೂತು ಹೇಳಿ ಅಂದರು. ಅಲ್ಲಿನ ಸಣ್ಣ ಪುರಸಭೆಗಳಲ್ಲಿ ವಾರ್ಡ್ ಸಭೆ ಇದೆ, ಆ ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. ಅಲ್ಲಿ ಎಲ್ಲವೂ ಸರಿಯಾಗಿದೆ ಅಂತ ನಾನು ಹೇಳಲ್ಲ. ಫಲಾನುಭವಿಗಳ ಪಟ್ಟಿ ಇದ್ದ ದಿನ ಜನ ತುಂಬ್ತಾರೆ, ಇಲ್ಲದ ದಿನ ಕುರ್ಚಿ ಖಾಲಿ ಅನ್ನೋ ದೂರು ಅಲ್ಲೂ ಇದೆ. ಆದರೆ ಖಾಲಿ ಕುರ್ಚಿಯಾದರೂ ಇದೆಯಲ್ಲ? ನಮ್ಮ ಎಷ್ಟೋ ಪಟ್ಟಣಗಳಲ್ಲಿ ಕುರ್ಚಿಯನ್ನೇ ಹಾಕಿಲ್ಲ.

ಇನ್ನೊಂದು ಹಳೆಯ ಕಥೆ ಹೇಳ್ತೀನಿ. ನೂರು ವರ್ಷಕ್ಕೂ ಹಿಂದೆ ಪ್ಯಾಟ್ರಿಕ್ ಗೆಡ್ಡೆಸ್ ಅಂತ ಸ್ಕಾಟ್ಲೆಂಡಿನವರೊಬ್ಬರು ಭಾರತದ ಊರೂರು ಸುತ್ತಿ ನಗರ ಯೋಜನೆಯ ವರದಿ ಬರೆದರು. ಅವರ ಪದ್ಧತಿ ಏನು ಗೊತ್ತಾ? ಕಾಗದದ ಮೇಲೆ ಗೆರೆ ಎಳೆಯೋ ಮೊದಲು ಗಲ್ಲಿ ಗಲ್ಲಿ ನಡೆಯೋದು. ನೇರ ರಸ್ತೆಗೋಸ್ಕರ ಮನೆಗಳ ಸಾಲನ್ನೇ ಕೆಡವೋದಕ್ಕೆ ಅವರ ವಿರೋಧ. ಎಲ್ಲಿ ಎಷ್ಟು ಬೇಕೋ ಅಷ್ಟೇ ಕತ್ತರಿಸಿ, ಉಳಿದ ಊರನ್ನು ಉಳಿಸಿ ಅಂತಿದ್ದರು. ಇಂದೋರ್ ಆಗ ಪ್ಲೇಗಿನಿಂದ ತತ್ತರಿಸಿತ್ತು. ಗೆಡ್ಡೆಸ್ ಅಲ್ಲಿ ದೀಪಾವಳಿಗೆ ದೊಡ್ಡ ಮೆರವಣಿಗೆ ಇಟ್ಟರು. ಮೆರವಣಿಗೆ ಯಾವ ಬೀದಿಯಲ್ಲಿ ಹೋಗುತ್ತೆ? ಯಾವ ಬೀದಿಯವರು ತಮ್ಮ ಬೀದಿಯನ್ನು ಚೆನ್ನಾಗಿ ಸ್ವಚ್ಛ ಮಾಡಿರ್ತಾರೋ ಆ ಬೀದಿಯಲ್ಲಿ. ಅಷ್ಟೇ. ಜನ ಪೊರಕೆ ಹಿಡಿದರು. ನೋಟಿಸಿನಿಂದ, ದಂಡದಿಂದ ಆಗದ ಕೆಲಸ ಹಬ್ಬದಿಂದ ಆಯ್ತು. ನಮ್ಮ ಜನಕ್ಕೆ ಊರಿನ ಬಗ್ಗೆ ಆಸಕ್ತಿ ಇಲ್ಲ ಅನ್ನೋರಿಗೆ ನಾನು ಕೊಡೋ ಉತ್ತರ ಇದು. ಆಸಕ್ತಿ ಇದೆ ಸ್ವಾಮಿ, ಕೇಳೋ ರೀತಿಯಲ್ಲಿ ಕೇಳಬೇಕು.

ಹಾಗಾದ್ರೆ ಏನು ಮಾಡಬೇಕು? ಆಕಾಶಕ್ಕೆ ಏಣಿ ಹಾಕೋ ಮಾತು ನಾನು ಆಡಲ್ಲ. ದುಡ್ಡು ಹೆಚ್ಚು ಬೇಡದ ನಾಲ್ಕು ಕೆಲಸ ಹೇಳ್ತೀನಿ.

ಒಂದು, ನಕ್ಷೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಹಾಕಿ. ಸಿನಿಮಾ ಪೋಸ್ಟರಿನಷ್ಟು ದೊಡ್ಡದಾಗಿ. ಸರ್ವೆ ನಂಬರ್ ಮಾತ್ರ ಬರೆದರೆ ಸಾಲದು. ಗೌಡರ ಹೋಟೆಲ್, ಮಾರಿಗುಡಿ, ಹಳೇ ಟಾಕೀಸು, ಸರ್ಕಾರಿ ಶಾಲೆ ಅಂತ ಊರಿನವರು ಕರೆಯೋ ಹೆಸರು ಬರೆಯಿರಿ. ಮನುಷ್ಯ ಮೊದಲು ತನ್ನ ಮನೆ ಹುಡುಕ್ತಾನೆ. ಮನೆ ಸಿಕ್ಕಿದ ಮೇಲೆ ಊರು ನೋಡ್ತಾನೆ.

ಎರಡು, ನಕ್ಷೆ ಬರೆಯೋ ಮೊದಲು ವಾರ್ಡಿಗೊಂದು ಸಭೆ ಮಾಡಿ. ಬೆಳಿಗ್ಗೆ ಹನ್ನೊಂದಕ್ಕೆ ಪುರಸಭೆಯ ಸಭಾಂಗಣದಲ್ಲಿ ಮಾಡಬೇಡಿ. ಆ ಹೊತ್ತಿಗೆ ದುಡಿಯೋರು ಯಾರೂ ಬರೋಕಾಗಲ್ಲ, ಗುತ್ತಿಗೆದಾರರು ಮಾತ್ರ ಬರ್ತಾರೆ. ಸಂಜೆ ಮಾಡಿ, ಶಾಲೆಯ ಅಂಗಳದಲ್ಲಿ ಮಾಡಿ. ಪೌರಕಾರ್ಮಿಕರನ್ನು ಕರೆಯಿರಿ. ಯಾವ ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾವ ಸಲಹೆಗಾರ ಸಂಸ್ಥೆಗೂ ಗೊತ್ತಿಲ್ಲ.

ಮೂರು, ಈಗಾಗಲೇ ಇರೋ ಕಾನೂನು ಬಳಸಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಂತೆ ಎಲ್ಲಿ ಕೂರಬೇಕು ಅನ್ನೋದನ್ನ ಆ ಸಮಿತಿಯ ಮುಂದೆ ಇಡದೇ ತೀರ್ಮಾನ ಮಾಡಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ ಇದೆ. ಜನರ ಮೇಲೆ ಪರಿಣಾಮ ಬೀರುವ ತೀರ್ಮಾನಗಳ ಸಂಗತಿಗಳನ್ನು ಯಾರೂ ಅರ್ಜಿ ಹಾಕದಿದ್ದರೂ ಸರ್ಕಾರಿ ಕಚೇರಿ ತಾನಾಗಿಯೇ ಪ್ರಕಟಿಸಬೇಕು ಅಂತ ಅದು ಹೇಳುತ್ತೆ.

ನಾಲ್ಕು, ಉತ್ತರ ಕೊಡಿ. ಇದು ಎಲ್ಲಕ್ಕಿಂತ ಮುಖ್ಯ. ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕು ಅಂತ ಕಾಯ್ದೆ ಹೇಳುತ್ತೆ. ಪರಿಗಣಿಸಿ ಏನು ಮಾಡಿದಿರಿ, ಒಪ್ಪಿದ್ದರೆ ಯಾಕೆ, ಒಪ್ಪದಿದ್ದರೆ ಯಾಕೆ ಅಂತ ಅರ್ಜಿ ಕೊಟ್ಟವನಿಗೆ ಎರಡು ಸಾಲು ಬರೆದು ತಿಳಿಸಿ. 'ಇಲ್ಲ' ಅಂದರೂ ಜನ ತಡ್ಕೋತಾರೆ. ಉತ್ತರವೇ ಇಲ್ಲದಿದ್ದರೆ ಮುಂದಿನ ಸಲ ಯಾಕೆ ಬರ್ತಾರೆ?

ಕೆಲವು ಅಧಿಕಾರಿಗಳು ನನಗೆ ಹೇಳಿದ್ದಾರೆ. "ಎಲ್ಲರನ್ನೂ ಕೇಳ್ತಾ ಕೂತರೆ ಒಂದು ರಸ್ತೆಯೂ ಆಗಲ್ಲ ಸಾರ್. ಎಲ್ಲರಿಗೂ ರಸ್ತೆ ಬೇಕು, ಯಾರಿಗೂ ಗೋಡೆ ಬಿಡೋಕೆ ಮನಸ್ಸಿಲ್ಲ." ಈ ಮಾತಲ್ಲಿ ಸತ್ಯ ಇದೆ. ಇಲ್ಲ ಅಂದ್ರೆ ನಾನು ನಿಮಗೆ ಸುಳ್ಳು ಹೇಳಿದ ಹಾಗೆ. ಜನರನ್ನು ಕೇಳಿದರೆ ಜಗಳ ಆಗುತ್ತೆ. ಜಾತಿ ಬರುತ್ತೆ, ಪಕ್ಷ ಬರುತ್ತೆ, ಕಸ ಹಾಕೋ ಜಾಗ ನಮ್ಮ ವಾರ್ಡಿಗೆ ಬೇಡ, ಪಕ್ಕದ ವಾರ್ಡಿಗೆ ಹಾಕಿ ಅಂತಾರೆ. ಆದರೆ ಕೇಳದೇ ಇದ್ದರೆ ಜಗಳ ಆಗಲ್ವಾ? ಆಗ ಜೆಸಿಬಿ ಮುಂದೆ ಆಗುತ್ತೆ, ಕೋರ್ಟಿನಲ್ಲಿ ಆಗುತ್ತೆ. ತಡೆಯಾಜ್ಞೆ ಬಂದು ಅರ್ಧ ಒಡೆದ ರಸ್ತೆ ವರ್ಷಗಟ್ಟಲೆ ಧೂಳು ಕುಡಿಸುತ್ತೆ. ಜಗಳ ಹೇಗಿದ್ದರೂ ಇದೆ. ಅದು ನಕ್ಷೆಯ ಮುಂದೆ ಆಗಲಿ, ಗೋಡೆಯ ಮುಂದೆ ಬೇಡ.

ಇನ್ನು ನಮ್ಮ ಬಗ್ಗೆಯೂ ಹೇಳಬೇಕು, ನಾವು ಟಿವಿಯವರು. ಜೆಸಿಬಿ ಬಂದಾಗ ನಮ್ಮ ಕ್ಯಾಮೆರಾ ಹೋಗುತ್ತೆ. ಹೆಂಗಸರು ಅಳೋದು, ಗೋಡೆ ಉರುಳೋದು, ಲೈವ್. ಅದಕ್ಕೆ ಹಿನ್ನೆಲೆ ಸಂಗೀತ ಬೇರೆ. ಆದರೆ ಆ 60 ದಿನ ನಮ್ಮ ಕ್ಯಾಮೆರಾ ಎಲ್ಲಿತ್ತು? ಕರಡು ಪ್ರಕಟವಾಗಿದೆ, ಹೋಗಿ ನೋಡಿ ಅಂತ ಒಂದು ಸಾಲು ಪರದೆಯ ಕೆಳಗೆ ಓಡಿಸಿದ್ದೆವಾ? ನೋಟಿಸ್ ಬೋರ್ಡಿಗೆ ಟಿಆರ್‌ಪಿ ಇಲ್ಲ. ಹಾಗಾಗಿ ಗೋಡೆ ಬೀಳೋವರೆಗೂ ನಾವು ಕಾಯ್ತೀವಿ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಅಪ್ಪನ ಅಂಗಡಿ ಈಗ 9 ಅಡಿ ಉಳಿದಿದೆ. ರ್‍ಯಾಕುಗಳನ್ನು ಒಳಗೆ ಸರಿಸಿದ್ದಾರೆ. ಗಿರಾಕಿ ರಸ್ತೆಯಲ್ಲೇ ನಿಂತು ನೋಟ್‌ಬುಕ್ ಕೇಳಬೇಕು. ಹೋದ ಸಲ ಊರಿಗೆ ಹೋದಾಗ ಕೇಳಿದೆ, ಕೋಪ ಇದೆಯಾ ಅಪ್ಪಾ ಅಂತ.

"ರಸ್ತೆ ಬೇಡ ಅಂತ ನಾನು ಯಾವತ್ತು ಅಂದಿದ್ದೆ?" ಅಂದರು. "ಬಸ್ಸುಗಳೆಲ್ಲಾ ಸರ್ಕಲಲ್ಲೇ ತಿರುಗ್ತಾವೆ, ಅದಕ್ಕೇ ಜಾಮು. ಸ್ಟ್ಯಾಂಡಿನ ಹಿಂದ್ಗಡೆ ಗೇಟ್ ತೆಗೆದಿದ್ರೆ ಇಷ್ಟು ಒಡೀಬೇಕಾಗ್ತಿರಲಿಲ್ಲ. ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ. ನಲವತ್ತು ವರ್ಷದಿಂದ ಇಲ್ಲೇ ಕೂತು ನೋಡ್ತಾ ಇದ್ದೀನಲ್ಲ."

ಅಪ್ಪ ಹೇಳಿದ್ದು ಸರಿಯೋ ತಪ್ಪೋ, ಎಂಜಿನಿಯರ್ ಆಗಿ ನಾನು ಖಚಿತವಾಗಿ ಹೇಳಲಾರೆ. ಅಳತೆ ಮಾಡಿ ನೋಡಬೇಕು. ಆ ಗೇಟಿನಿಂದ ಅಂಗಡಿ ಉಳೀತಿತ್ತೋ ಇಲ್ಲವೋ. ಆದರೆ ನಲವತ್ತು ವರ್ಷದ ಆ ತಿಳಿವಳಿಕೆಯನ್ನು ಒಂದು ಕಾಗದದಲ್ಲಿ ಬರ್ಕೊಳ್ಳೋರು ಊರಲ್ಲಿ ಯಾರೂ ಇರಲಿಲ್ಲ. ಕಳ್ಕೊಂಡಿದ್ದು ನಮ್ಮಪ್ಪ 11 ಅಡಿ, ಊರು ಅದಕ್ಕಿಂತ ಜಾಸ್ತಿ.

ಹಾಗಾಗಿ ಇವತ್ತು ನಿಮ್ಮ ಹತ್ತಿರ ನನ್ನದು ಒಂದೇ ಕೋರಿಕೆ. ಈ ವಾರ ಬಿಡುವು ಮಾಡಿಕೊಂಡು ನಿಮ್ಮೂರಿನ ಪುರಸಭೆಗೆ ಹೋಗಿ. ಒಬ್ಬರೇ ಬೇಡ, ಬೀದಿಯ ನಾಲ್ಕು ಜನ ಹೋಗಿ. ಜಗಳ ಆಡಬೇಡಿ, ಮುಖ್ಯಾಧಿಕಾರಿಗಳನ್ನು ಗೌರವದಿಂದಲೇ ಮೂರು ಪ್ರಶ್ನೆ ಕೇಳಿ. ನಮ್ಮೂರಿಗೆ ಮಹಾ ಯೋಜನೆ ಇದೆಯಾ? ಅದನ್ನು ಕೊನೆಯ ಸಲ ಪರಿಷ್ಕರಿಸಿದ್ದು ಯಾವಾಗ? ಮುಂದಿನದರ ಕೆಲಸ ಎಲ್ಲಿಗೆ ಬಂದಿದೆ? ಯೋಜನಾ ಪ್ರಾಧಿಕಾರದ ಕಚೇರಿ ಬೇರೆ ಕಡೆ ಇದ್ದರೆ ವಿಳಾಸ ತಗೊಂಡು ಅಲ್ಲಿಗೂ ಹೋಗಿ. ನಕ್ಷೆ ತೋರಿಸಿ ಅನ್ನಿ. ನಿಮ್ಮ ಮನೆ ಹುಡುಕಿ, ಕೆರೆ ಹುಡುಕಿ, ಸಂತೆ ಹುಡುಕಿ. ಬಜೆಟ್ ಮೊದಲು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆದಾಗ ಹೋಗಿ ಕೂರಿ, ಎದ್ದು ನಿಂತು ಮಾತಾಡಿ.

ಮತ್ತೆ ನನ್ನ ಹಾಗೆ ಹಾಳೆ ಹಿಡ್ಕೊಂಡು ನಿಮ್ಮೂರ ಸರ್ಕಲ್ಲಿಗೆ ಬರೋ ಹುಡುಗರು ಯಾರಾದರೂ ಸಿಕ್ಕರೆ, ದಯವಿಟ್ಟು ಅವರಿಗೆ ಆ ಅಜ್ಜಿ ಹೇಳಿದ್ದನ್ನೇ ಹೇಳಿ. ಸಂತೆ ದಿವಸ ಬನ್ನಿ ಅಂತ. ಅವರು ನಕ್ಕರೆ, ಇನ್ನೊಂದು ಸಲ ಹೇಳಿ.